ಗೋವೆಯ ಗಾಂವಕಾರಿ: ಆಡಳಿತ ಶಾಸ್ತ್ರದ ಒಂದು ಹಳೆಯ ಅಧ್ಯಾಯ

ವ್ಯವಸ್ಥಾಪನ ಶಾಸ್ತ್ರವೆಂದೊಡನೆ ನಮ್ಮ ತರುಣರ ಕಣ್ಣಮುಂದೆ ನಿಲ್ಲುವುವು ಕಾರಖಾನೆಗಳು, ಪರದೇಶದ ಗ್ರಂಥಗಳು. ಅದಕ್ಕೆ ಕಾರಣವೂ ಉಂಟು. ಅಮೇರಿಕೆಯ ಫ್ರೆಡರಿಕ್ ಟೇಲರರು ಕಾರಖಾನೆಯ ಕೆಲಸವನ್ನು ಅಳೆದು ಹಂಚುವ ತಮ್ಮ ತತ್ತ್ವವನ್ನು 1911ರಲ್ಲಿ ಗ್ರಂಥರೂಪಕ್ಕೆ ತಂದರು. ಫ್ರಾನ್ಸಿನಲ್ಲಿ ಗಣಿ ಕಂಪನಿಯನ್ನು ನಡೆಸಿದ ಹೆನ್ರಿ ಫೆಯೋಲರು 1916ರಲ್ಲಿ ಯೋಜನೆ, ಸಂಘಟನೆ, ಆಜ್ಞೆ, ಹೊಂದಾಣಿಕೆ, ನಿಯಂತ್ರಣ ಎಂದು ಆಡಳಿತದ ಐದು ಅಂಗಗಳನ್ನು ಎಣಿಸಿದರು. ಶಾಸ್ತ್ರಕ್ಕೆ ಹೆಸರು ಬಂದುದು ಹೀಗೆ. ಆಚರಣೆಯಾದರೋ ಬಹು ಪುರಾತನವಾದುದು. ಗೋವೆಯಲ್ಲಿ ಈ ವಿದ್ಯೆಯನ್ನು ಕಲಿಸುವ ಸಂಸ್ಥೆಯೊಂದು 1993ರಲ್ಲಿ ರಿಬಂದರಿನ ಹಳೆಯ ಆಸ್ಪತ್ರೆಯ ಕಟ್ಟಡದಲ್ಲಿ ಆರಂಭವಾಯಿತು. ಅದೇ ತಿಸವಾಡಿಯ ಹಳ್ಳಿಗರು ಶತಮಾನಗಳ ಹಿಂದೆಯೇ ಆ ವಿದ್ಯೆಯಿಂದ ಜೀವನ ನಡೆಸಿದ್ದರು.

ಪೋರ್ತುಗೀಜರು 1510ರಲ್ಲಿ ಇಲ್ಲಿ ನೆಲೆಯೂರಿದಾಗ ಹಳ್ಳಿಯ ಭೂಮಿಗೆ ಒಬ್ಬ ಒಡೆಯನೆಂಬುವನು ಕಾಣಲಿಲ್ಲ. ಭೂಮಿಯೆಲ್ಲ ಗಾಂವಕರರ ಸಮುದಾಯಕ್ಕೆ ಸೇರಿದ್ದಿತು. ಹಣಕಾಸಿನ ಅಧಿಕಾರಿ ಅಫೊನ್ಸೊ ಮೆಶಿಯಾ ಈ ರೂಢಿಗಳನ್ನು ವಿಚಾರಿಸಿ, 1526ರ ಸೆಪ್ಟೆಂಬರ 16ರಂದು ಒಂದು ಸನ್ನದಿನಲ್ಲಿ ಬರೆಯಿಸಿದನು. ಹಿಂದೊಮ್ಮೆ ನಾಲ್ವರು ಪುರುಷರು ಪಾಳುಬಿದ್ದ ನೆಲವನ್ನು ಹಸನುಮಾಡಲು ಬಂದರು, ಅವರ ಸಂತತಿಯವರೇ ಗಾಂವಕರರು ಎಂಬ ಐತಿಹ್ಯವೂ ಅದರಲ್ಲಿದೆ. ಹೊಸ ಅರಸೊತ್ತಿಗೆಯು ರೂಢಿಯನ್ನು ಮನ್ನಿಸಿದ್ದು ಔದಾರ್ಯದಿಂದಲ್ಲ; ಕಂದಾಯವನ್ನು ಇಡೀ ಹಳ್ಳಿಯಿಂದ ಒಟ್ಟಾಗಿ ವಸೂಲು ಮಾಡುವುದು ಅದಕ್ಕೆ ಅನುಕೂಲವಾಗಿದ್ದಿತು.

ಗೋವೆಯ ಕದಂಬರ ಕನ್ನಡ ಶಾಸನಗಳನ್ನು ಬಲ್ಲ ನಮ್ಮ ಓದುಗರಿಗೆ ಇಲ್ಲಿ ಗಾವುಂಡರೂ ಅಗ್ರಹಾರದ ಮಹಾಜನರೂ ನೆನಪಾಗದಿರರು. ಗಾವುಂಡ, ಗಾಂವಕರ ಎಂಬ ಎರಡು ಪದಗಳಲ್ಲಿಯೂ ಗ್ರಾಮದ ಛಾಯೆಯುಂಟು. ಆದರೆ ಇಷ್ಟರಿಂದಲೇ ಈ ಸಂಸ್ಥೆ ನಮ್ಮದೆಂದು ಸಾರುವ ಉತ್ಸಾಹ ನಮಗಿಲ್ಲ. ಸಹ್ಯಾದ್ರಿಯ ಇತ್ತಂಡದಲ್ಲಿಯೂ ಹಳ್ಳಿಯ ಹಿರಿಯರು ಕೂಡಿ ಕಾರ್ಯಭಾರ ನಡೆಸುತ್ತಿದ್ದರೆಂಬುದಷ್ಟೇ ಸಾಕು.

ಗಾಂವಕರರು ಸಭೆ ಸೇರಿ ಎಲ್ಲರೂ ಒಪ್ಪಿದ್ದನ್ನು ನಿರ್ಣಯವೆಂದು ಎಣಿಸುತ್ತಿದ್ದರು. ಕುಲಕರ್ಣಿಯು ಅದನ್ನು ಬರೆದಿಡುತ್ತಿದ್ದನು. ಗದ್ದೆಗಳನ್ನು ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಗೆ ಹರಾಜಿನಲ್ಲಿ ಗೇಣಿಗೆ ಕೊಡುವರು. ಬಂದ ಉತ್ಪನ್ನದಲ್ಲಿ ಕಂದಾಯ, ದೇವಸ್ಥಾನದ ವೆಚ್ಚ, ಗ್ರಾಮಸೇವಕರ ವೇತನ, ಒಡ್ಡಿನ ದುರಸ್ತಿ ಇವೆಲ್ಲ ಕಳೆದು ಉಳಿದುದನ್ನು ‘ಜೋಣ’ ಎಂಬ ಹೆಸರಿನಿಂದ ಗಾಂವಕರರು ಹಂಚಿಕೊಳ್ಳುವರು. ಉಳಿಯದೆ ಹೋದರೆ ಕೊರತೆಯ ಹೊರೆಯೂ ಅವರದೇ. ಫೆಯೋಲರ ಐದು ಅಂಗಗಳಲ್ಲಿ ಆಜ್ಞೆಯೊಂದನ್ನು ಬಿಟ್ಟರೆ ಉಳಿದ ನಾಲ್ಕೂ ಇಲ್ಲಿ ಕಾಣುವುವು.

ಈ ವ್ಯವಸ್ಥೆಯ ನಿಜವಾದ ಪರೀಕ್ಷೆ ನಡೆದುದು ಖಾಜನ ಭೂಮಿಯಲ್ಲಿ. ಕುಮಟೆಯ ಕಡೆಯ ಗಜನಿಯನ್ನೂ ಕಗ್ಗದ ಭತ್ತವನ್ನೂ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೋವೆಯಲ್ಲಿ ಆ ಭತ್ತಕ್ಕೆ ಸಮನಾದ ತಳಿ ಕೊರ್ಗುಟ. ಮಾಂಡವಿ, ಜುವಾರಿ ನದಿಗಳ ಅಳಿವೆಯ ನೆಲ ಭರತದ ಮಟ್ಟಕ್ಕಿಂತ ತಗ್ಗಾದುದು. ಕೆಸರು, ಹುಲ್ಲು, ಕೆಂಪುಕಲ್ಲುಗಳ ಒಡ್ಡು ಹಾಕಿ ಉಪ್ಪುನೀರನ್ನು ಹೊರಗಿಡಬೇಕು. ಒಡ್ಡಿನ ನಡುವೆ ‘ಮಾನಸ’ ಎಂಬ ತೂಬು. ಅದರ ಮರದ ಕದಗಳನ್ನು ಇಳಿತದ ಹೊತ್ತಿಗೆ ಒಳಗಿನ ನೀರು ತಾನೇ ತಳ್ಳಿ ತೆರೆಯುವುದು, ಭರತದ ಹೊತ್ತಿಗೆ ನದಿಯ ನೀರು ತಾನೇ ಒತ್ತಿ ಮುಚ್ಚುವುದು. ಮಳೆಗಾಲದ ನೀರು ಉಪ್ಪನ್ನು ತೊಳೆದ ಮೇಲೆ ಭತ್ತದ ಬೆಳೆ. ತೂಬಿನ ಬಾಯಿಯಲ್ಲಿ ಬಲೆಯೊಡ್ಡಿದರೆ ಮೀನು ದೊರೆಯುವುದು. ಆ ಹಕ್ಕನ್ನೂ ಹರಾಜು ಮಾಡುತ್ತಿದ್ದರು. ಒಂದು ಕಡೆ ಒಡ್ಡು ಒಡೆದರೆ ಎಲ್ಲರ ಗದ್ದೆಯೂ ಉಪ್ಪಾಗುವುದು. ಆದುದರಿಂದ ಮೀನಿನ ಲಾಭವನ್ನು ಎಣಿಸುವ ಸಭೆಯೇ ಒಡ್ಡಿನ ವೆಚ್ಚವನ್ನೂ ಎಣಿಸುತ್ತಿದ್ದುದರಲ್ಲಿ ಈ ಏರ್ಪಾಡಿನ ಜೀವಾಳವಿದ್ದಿತೆಂದು ನಾವು ತಿಳಿಯುತ್ತೇವೆ. ಅಮೇರಿಕೆಯ ಎಲಿನೋರ್ ಓಸ್ಟ್ರಮ್ ಅವರು ಸ್ವಿಟ್ಜರ್ಲೆಂಡಿನ ಹುಲ್ಲುಗಾವಲು, ಸ್ಪೇನಿನ ಕಾಲುವೆ ಮೊದಲಾದುವನ್ನು ಅಭ್ಯಸಿಸಿ, ಸಮುದಾಯದ ಆಸ್ತಿಯನ್ನು ಜನರೇ ನಿಯಮ ಕಟ್ಟಿಕೊಂಡು ಕಾಪಾಡಬಲ್ಲರೆಂದು 1990ರ ಗ್ರಂಥದಲ್ಲಿ ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಹಾಗೆಂದು ಗಾಂವಕಾರಿಯನ್ನು ರಾಮರಾಜ್ಯವೆಂದು ವರ್ಣಿಸುವುದು ಸತ್ಯಕ್ಕೆ ದೂರ. ಸಭೆಯಲ್ಲಿ ಹೆಂಗಸರಿಗೆ ಸ್ಥಾನವಿರಲಿಲ್ಲ. ಗದ್ದೆಯಲ್ಲಿ ಕೆಸರು ತುಳಿದವನು ಗಾಂವಕರ ವಂಶದವನಲ್ಲದಿದ್ದರೆ ಅವನಿಗೆ ಜೋಣವೂ ಇಲ್ಲ, ಮಾತೂ ಇಲ್ಲ. ಮೇಲಾಗಿ ಸರಕಾರದ ಕೈ ವರ್ಷವರ್ಷಕ್ಕೆ ಬಿಗಿಯಾಯಿತು. 1904, 1933, 1961ರ ಸಂಹಿತೆಗಳಲ್ಲಿ ರೂಢಿಯು ಕಲಮುಗಳಾಗಿ, ಸಭೆಯು ಸರಕಾರದ ಅಪ್ಪಣೆಗೆ ಕಾಯುವ ಕಚೇರಿಯಾಯಿತು.

1961ರ ಡಿಸೆಂಬರದಲ್ಲಿ ಗೋವೆ ವಿಮೋಚನೆ ಹೊಂದಿತು. 1964ರ ಗೇಣಿ ಕಾನೂನು ಉಳುವವನಿಗೆ ರಕ್ಷಣೆ ನೀಡಿತು. 1976ರ ತಿದ್ದುಪಡಿಯು ಅವನನ್ನೇ ಭೂಮಿಯ ಒಡೆಯನನ್ನಾಗಿ ಮಾಡಿತು. ಇದು ನ್ಯಾಯವೇ ಸರಿ. ಒಡ್ಡು, ತೂಬುಗಳ ಭಾರ 1975ರ ನಿಯಮಗಳ ಮೇರೆಗೆ ಗೇಣಿದಾರರ ಸಂಘಗಳಿಗೆ ಬಂದಿತು. ಆದರೆ ಬೇಸಾಯದ ಆದಾಯ ಕುಗ್ಗಿ ಮೀನಿನ ಬೆಲೆ ಏರಿದಾಗ, ಎಷ್ಟೋ ಕಡೆಗಳಲ್ಲಿ ತೂಬನ್ನು ಹರಾಜಿನಲ್ಲಿ ಹಿಡಿದವನಿಗೆ ಉಪ್ಪುನೀರು ಒಳಗಿದ್ದಷ್ಟೂ ಲಾಭವೆನಿಸಿತು. ಒಡ್ಡು ಬಿರಿದರೆ ಹಾನಿ ಮಾತ್ರ ಉಳುವವನಿಗೆ. ಭತ್ತದ ಗದ್ದೆಗಳಲ್ಲಿ ಕಾಂಡ್ಲಾ ಗಿಡಗಳು ಬೆಳೆದು ನಿಂತುದು ಹೀಗೆ.

ಇಂದಿಗೂ ಇನ್ನೂರಕ್ಕೂ ಮಿಕ್ಕಿದ ಗ್ರಾಮ ಸಮುದಾಯಗಳು 1961ರ ಸಂಹಿತೆಯ ಕೆಳಗೆ, ಅನಂತರದ ತಿದ್ದುಪಡಿಗಳೊಡನೆ, ಕಾರ್ಯಭಾರ ನಡೆಸುತ್ತಲಿವೆ. ಅವುಗಳ ಸಭೆಯಲ್ಲಿ ಈಗ ಬಹುಮಟ್ಟಿಗೆ ಚರ್ಚೆಗೆ ಬರುವುದು ಭತ್ತವಲ್ಲ, ಮನೆ ಕಟ್ಟುವ ನಿವೇಶನ.