ಮಾರಿಷಸ್: ವಾಯುಪಡೆಯಿಲ್ಲದ ದೇಶದ ವಿಮಾನದಳ

1968ರಲ್ಲಿ ಸ್ವತಂತ್ರವಾದ ಮಾರಿಷಸ್‌ಗೆ ಸೇನೆಯಿಲ್ಲ, ಪ್ರತ್ಯೇಕ ವಾಯುಪಡೆಯೂ ಇಲ್ಲ. ವಿಮಾನ, ಹೆಲಿಕಾಪ್ಟರ್‌ಗಳೆಲ್ಲ ಪೊಲೀಸ್ ಕಮಿಷನರ್ ಅಧೀನದಲ್ಲಿವೆ. ದೇಶದ ನೆಲ ಸುಮಾರು 2,040 ಚದರ ಕಿ.ಮೀ.; ಕಾಯಬೇಕಾದ ಕಡಲು ಅದರ ಸಾವಿರ ಪಟ್ಟಿಗೂ ಹೆಚ್ಚು.

ಡಾರ್ನಿಯರ್ 228
ಕರಾವಳಿ ಕಾವಲು ಪಡೆಯ ಗಸ್ತು ವಿಮಾನ. ಕಾನ್ಪುರದ ಎಚ್‌ಎಎಲ್ ತಯಾರಿಕೆ, 1990ರಿಂದ ಸೇವೆಯಲ್ಲಿದೆ. ಹೊಟ್ಟೆಯಡಿಯ ರಾಡಾರ್‌ನಿಂದ ಅಕ್ರಮ ಮೀನುಗಾರಿಕೆ ಹಡಗುಗಳನ್ನೂ ದಿಕ್ಕುತಪ್ಪಿದ ದೋಣಿಗಳನ್ನೂ ಪತ್ತೆಹಚ್ಚುತ್ತದೆ.

ಧ್ರುವ್
ಬೆಂಗಳೂರಿನಲ್ಲಿ ವಿನ್ಯಾಸಗೊಂಡು ತಯಾರಾದ ಹೆಲಿಕಾಪ್ಟರ್. ಪೊಲೀಸ್ ಹೆಲಿಕಾಪ್ಟರ್ ದಳದಲ್ಲಿದ್ದು, ಶೋಧ, ರಕ್ಷಣೆ ಮತ್ತು ರೋಗಿಗಳ ಸಾಗಣೆಗೆ ಬಳಕೆಯಾಗುತ್ತದೆ.

2020ರ ಜುಲೈನಲ್ಲಿ ‘ವಾಕಾಶಿಯೊ’ ಹಡಗು ಆಗ್ನೇಯ ತೀರದ ಹವಳದ ದಿಬ್ಬಕ್ಕೆ ಸಿಲುಕಿತು. ಆಗಸ್ಟ್‌ನಲ್ಲಿ ತೈಲ ಸೋರತೊಡಗಿದಾಗ, ಟ್ಯಾಂಕ್‌ಗಳಲ್ಲಿ ಉಳಿದಿದ್ದ ತೈಲದ ಒಂದಿಷ್ಟು ಪಾಲನ್ನು ಹೆಲಿಕಾಪ್ಟರ್‌ಗಳು ದಡಕ್ಕೆ ಹೊತ್ತು ತಂದವು.