ಘಂಟೆಯ ಹಗ್ಗ ಮತ್ತು ಕಬ್ಬಿಣದ ಸಲಾಕೆ

ಬೇಸಿಗೆಯ ಕೊನೆಯಲ್ಲಿ ಕಾರ್ಮೋಡ ಕವಿದು ಗುಡುಗು ಮೊಳಗಿದೊಡನೆ ಕಿಟಕಿ ಮುಚ್ಚಿ, ಮಕ್ಕಳನ್ನು ಒಳಕರೆದು, ಹಿರಿಯರು ಪ್ರಾರ್ಥನೆಗೆ ಕುಳಿತುಕೊಳ್ಳುವುದು ನಮ್ಮ ಅನೇಕ ಮನೆಗಳ ವಾಡಿಕೆ. ಪ್ರಿಯ ಓದುಗರೇ, ಸಿಡಿಲಿನಿಂದ ಮನೆಯನ್ನು ಕಾಪಾಡಿಕೊಳ್ಳುವ ವಿದ್ಯೆ ಮನುಷ್ಯನಿಗೆ ದಕ್ಕಿದ ಚರಿತ್ರೆಯಲ್ಲಿ ದೇವಾಲಯದ ಘಂಟೆಗೂ ಒಂದು ದುಃಖದ ಅಧ್ಯಾಯವಿದೆ ಎಂಬುದನ್ನು ನೀವು ಬಲ್ಲಿರಾ?

ಮಧ್ಯಯುಗದ ಯೂರೋಪಿನಲ್ಲಿ ಗುಡುಗು ಮಳೆ ಬಂದಾಗ ದೇವಾಲಯದ ಘಂಟೆಯನ್ನು ಬಾರಿಸುತ್ತಿದ್ದರು. ಆಶೀರ್ವದಿಸಿದ ಘಂಟೆಯ ನಾದಕ್ಕೆ ಬಿರುಮಳೆ ಚದುರುವುದೆಂಬುದು ಜನರ ನಂಬಿಕೆ. ಸಿಡಿಲನ್ನು ಮುರಿಯುವೆನೆಂಬ ಲತೀನ್ ಮಾತನ್ನೇ ಹಲವು ಘಂಟೆಗಳ ಮೇಲೆ ಅಚ್ಚೊತ್ತಿದ್ದರು. ಆದರೆ ಊರಿನಲ್ಲಿ ಎಲ್ಲಕ್ಕಿಂತ ಎತ್ತರವಾದದ್ದು ಘಂಟಾಗೋಪುರವೇ. ಅದಕ್ಕೆ ಬಡಿದ ಸಿಡಿಲು ನೆನೆದ ಹಗ್ಗದ ಮೂಲಕ ಅದನ್ನು ಹಿಡಿದು ನಿಂತವನ ಮೈಗೆ ಇಳಿಯುತ್ತಿತ್ತು. 1784ರಲ್ಲಿ ಮ್ಯೂನಿಕ್ ನಗರದಲ್ಲಿ ಪ್ರಕಟವಾದ ಒಂದು ಗ್ರಂಥದ ಲೆಕ್ಕದಂತೆ, 33 ವರ್ಷಗಳಲ್ಲಿ 386 ಗೋಪುರಗಳಿಗೆ ಸಿಡಿಲು ಬಡಿದು 103 ಮಂದಿ ಘಂಟೆ ಬಾರಿಸುವವರು ಮಡಿದಿದ್ದರು. ಊರನ್ನು ಉಳಿಸಲೆಂದು ಹೋದವರೇ ಮೊದಲು ಬಲಿಯಾಗುತ್ತಿದ್ದರು.

ಅಷ್ಟರಲ್ಲಾಗಲೇ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಸಿಡಿಲೆಂದರೆ ವಿದ್ಯುತ್ತೇ ಎಂದು ತಿಳಿಸಿಕೊಟ್ಟಿದ್ದ. 1753ರ ತನ್ನ ಪಂಚಾಂಗದಲ್ಲಿ ಅವನು ಸಾಮಾನ್ಯ ಗೃಹಸ್ಥರಿಗೆಂದು ಸರಳವಾದ ವಿಧಾನವೊಂದನ್ನು ಬರೆದ: ಕಬ್ಬಿಣದ ಸಲಾಕೆಯ ಒಂದು ತುದಿ ತೇವದ ನೆಲದೊಳಗೆ ಮೂರು ನಾಲ್ಕು ಅಡಿ ಹೂತಿರಲಿ, ಇನ್ನೊಂದು ಮನೆಯ ನೆತ್ತಿಗಿಂತ ಆರೆಂಟು ಅಡಿ ಮೇಲಿರಲಿ. ಈ ಸಲಾಕೆ ಸಿಡಿಲನ್ನು ತಡೆಯುವುದಿಲ್ಲ; ಗೋಡೆ, ಮರಗಳನ್ನು ಸೀಳಿಕೊಂಡು ಹೋಗಬೇಕಾದ ವಿದ್ಯುತ್ತಿಗೆ ನೆಲ ಸೇರುವ ಸುಲಭ ದಾರಿಯನ್ನು ತೋರಿಸುತ್ತದೆ. ಫ್ರಾಂಕ್ಲಿನ್ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ.

1754ರಲ್ಲಿ ಮೊರಾವಿಯದ ಹಳ್ಳಿಯೊಂದರ ಧರ್ಮಕೇಂದ್ರದ ಗುರುಗಳಾದ ಪ್ರೊಕೊಪ್ ದಿವಿಷ್ ಅವರೂ ಮೊನಚು ಕಂಬಿಗಳುಳ್ಳ ಎತ್ತರದ ಕಂಬವೊಂದನ್ನು ತಮ್ಮ ನಿವಾಸದ ಬಳಿ ನಿಲ್ಲಿಸಿದರು. ಕೆಲವು ವರ್ಷಗಳಲ್ಲಿ ಬರಗಾಲ ಬಂತು. ಮಳೆಯನ್ನು ಓಡಿಸಿದ್ದು ಈ ಕಂಬವೇ ಎಂದು ರೈತರು ಅದನ್ನು ಕೆಡವಿಹಾಕಿದರು. ವೆನಿಸ್ಸಿನ ಸಂತ ಮಾರ್ಕನ ಘಂಟಾಗೋಪುರದ ಕಥೆ ಬೇರೆ. ಶತಮಾನಗಳಿಂದ ಸಿಡಿಲಿಗೆ ತುತ್ತಾಗಿ, 1745ರಲ್ಲಿ ತೀವ್ರವಾಗಿ ಜಖಂಗೊಂಡಿದ್ದ ಆ ಗೋಪುರಕ್ಕೆ 1776ರಲ್ಲಿ ಮಿಂಚುವಾಹಕವನ್ನು ಅಳವಡಿಸಿದರು. ಶ್ರದ್ಧೆ ಅಲ್ಲಿ ಕುಂದಲಿಲ್ಲ. ಗೋಪುರಕ್ಕೆ ರಕ್ಷಣೆ ದೊರೆಯಿತು.

ಈ ಚರಿತ್ರೆ ನಮ್ಮ ಮನೆಗಳಿಗೂ ಸಲ್ಲುತ್ತದೆ. ನಿಮ್ಮ ಮನೆಯ ಮೇಲೆ ಮಿಂಚುವಾಹಕವಿದ್ದರೆ ಅದರ ತಂತಿ ತುಂಡಾಗದೆ ನೆಲ ಸೇರಿದೆಯೇ ಎಂದು ಬಲ್ಲವರಿಂದ ಪರೀಕ್ಷಿಸಿರಿ. ನೆಲ ಮುಟ್ಟದ ಸಲಾಕೆ ಅಪಾಯವನ್ನೇ ತರುತ್ತದೆ. ಮಳೆ ಸಮೀಪಿಸುವ ಮುನ್ನವೇ ಟಿ.ವಿ. ಮುಂತಾದವುಗಳ ಪ್ಲಗ್ ಕಳಚಿರಿ. ಗುಡುಗುವಾಗ ನಲ್ಲಿ ಮುಟ್ಟುವುದು, ಸ್ನಾನ ಮಾಡುವುದು, ತಂತಿಯಿರುವ ದೂರವಾಣಿಯಲ್ಲಿ ಮಾತನಾಡುವುದು ಬೇಡ. ತೋಟ, ಗದ್ದೆಗಳಲ್ಲಿರುವವರು ಮರದಡಿ ನಿಲ್ಲದೆ ಭದ್ರವಾದ ಕಟ್ಟಡವನ್ನು ಸೇರಲಿ. ಕೊನೆಯ ಗುಡುಗು ಕೇಳಿದ ಮೇಲೂ 30 ನಿಮಿಷ ಒಳಗೇ ಇರಿ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಅವರನ್ನು ಮುಟ್ಟಲು ಅಂಜದೆ, ಉಸಿರು ನಿಂತಿದ್ದರೆ ಎದೆ ಒತ್ತಿ, ಕೃತಕ ಉಸಿರು ನೀಡಿ, ಕೂಡಲೇ ಆಸ್ಪತ್ರೆಗೆ ಸಾಗಿಸಿರಿ.

ಹಗ್ಗ ಹಿಡಿದು ಮಡಿದ ಆ 103 ಮಂದಿಯ ಶ್ರದ್ಧೆಯನ್ನು ಹಗುರವಾಗಿ ಕಾಣುವುದು ಸಲ್ಲದು. ನೆರೆಯವರಿಗಾಗಿ ಅವರು ಗೋಪುರದಡಿ ನಿಂತಿದ್ದರು. ಆ ಹಗ್ಗವೇ ಮೃತ್ಯುವಿನ ದಾರಿಯೆಂದು ಅವರಿಗೆ ಹೇಳುವವರಿರಲಿಲ್ಲ. ಇಂದು ನಮಗೆ ತಿಳಿದಿದೆ. ಮುಂದಿನ ಮೋಡ ಕವಿಯುವ ಮುನ್ನ, ಅದು ತಿಳಿಯದ ನೆರೆಮನೆಯವರಿಗೂ ಹೇಳೋಣ.