ತೊಳೆಯುವ ಸ್ಕೋಪ್, ಎಸೆಯುವ ಸ್ಕೋಪ್

ಹಟ್ಟಿಯಂಗಡಿಯ ಆಚೀಚೆ ಯಾರಿಗಾದರೂ ಕಿಡ್ನಿಯಲ್ಲಿ ಕಲ್ಲು ಕಟ್ಟಿದರೆ, ಪಿತ್ತನಾಳ ಕಟ್ಟಿಕೊಂಡರೆ, ಕುಂದಾಪುರ ದಾಟಿ ಮಣಿಪಾಲದ ದಾರಿ ಹಿಡಿಯುವುದು ರೂಢಿ. ‘ಕ್ಯಾಮೆರಾ ಹಾಕಿ ತೆಗೀತಾರಂತೆ’ ಎನ್ನುತ್ತಾರೆ ಮನೆಯವರು. ಆ ಕ್ಯಾಮೆರಾ ನಿನ್ನೆ ಇನ್ನೊಬ್ಬರ ಹೊಟ್ಟೆಯೊಳಗೆ ಹೋಗಿ ಬಂದದ್ದೋ, ಈಗಷ್ಟೇ ಪೊಟ್ಟಣ ಒಡೆದು ತೆಗೆದದ್ದೋ ಎಂದು ಕೇಳುವವರು ಕಡಿಮೆ. ವೈದ್ಯಲೋಕ ಮಾತ್ರ ಈಚಿನ ವರ್ಷಗಳಲ್ಲಿ ಇದಕ್ಕೇ ತಲೆಕೆಡಿಸಿಕೊಂಡಿದೆ.

ಈ ಕ್ಯಾಮೆರಾ ಕೊಳವೆಗೆ, ಅಂದರೆ ಎಂಡೋಸ್ಕೋಪಿಗೆ, ಹಳೆಯ ಚರಿತ್ರೆಯಿದೆ. 1868ರಲ್ಲಿ ಜರ್ಮನಿಯ ವೈದ್ಯ ಕುಸ್‌ಮೌಲ್ ಗಟ್ಟಿ ಕೊಳವೆಯನ್ನು ಜಠರಕ್ಕೆ ಇಳಿಸಿ ತೋರಿಸಲು ಕತ್ತಿ ನುಂಗುವವನನ್ನೇ ಹುಡುಕಬೇಕಾಯಿತು. 1954ರಲ್ಲಿ ಭೌತವಿಜ್ಞಾನಿಗಳಾದ ಹಾಪ್‌ಕಿನ್ಸ್ ಮತ್ತು ಪಂಜಾಬಿನ ನರಿಂದರ್ ಸಿಂಗ್ ಕಪಾನಿ ಗಾಜಿನ ಎಳೆಗಳ ಕಟ್ಟಿನಲ್ಲಿ ಚಿತ್ರ ಸಾಗಿಸಿದರು. ಅದನ್ನು ಓದಿದ ವೈದ್ಯ ಹಿರ್ಷೋವಿಟ್ಜ್ 1957ರ ಹೊತ್ತಿಗೆ ಬಾಗುವ ಸ್ಕೋಪನ್ನು ಬಳಕೆಗೆ ತಂದರು. ಬಳುಕಿದ್ದರಿಂದಲೇ ಅದು ದೇಹದ ಮೂಲೆಮೂಲೆಗೆ ಹೋಯಿತು. ತೊಳೆಯುವ ತಾಪತ್ರಯ ಹುಟ್ಟಿದ್ದೂ ಅಲ್ಲಿಂದಲೇ. ಲ್ಯಾಪ್ರೊಸ್ಕೋಪಿನಂಥ ಗಟ್ಟಿ ಸ್ಕೋಪುಗಳಲ್ಲಿ ಹೆಚ್ಚಿನವು ಆಟೋಕ್ಲೇವಿನ 134 ಡಿಗ್ರಿಯ ಹಬೆಯನ್ನು ತಡೆಯುತ್ತವೆ. ಬಾಗುವ ಸ್ಕೋಪ್ ಆ ಬಿಸಿಗೆ ಹಾಳು. ಬ್ರಷ್ ಹಾಕಿ ಉಜ್ಜಿ, ಗ್ಲುಟರಾಲ್ಡಿಹೈಡಿನಂಥ ದ್ರಾವಣದಲ್ಲಿ ನೆನೆಸಬೇಕು.

ಪಿತ್ತನಾಳಕ್ಕೆ ದಾರಿಮಾಡುವ ಡ್ಯುವೊಡಿನೊಸ್ಕೋಪಿನ ತುದಿಯಲ್ಲಿ ಒಂದು ಪುಟ್ಟ ಸನ್ನೆಕೋಲು ಇದೆ. ಅದರ ಹಿಂದಿನ ಸಂದಿಗೆ ಬ್ರಷ್ ಸರಿಯಾಗಿ ತಲುಪುವುದಿಲ್ಲ. 2015ರಲ್ಲಿ ಲಾಸ್ ಏಂಜಲೀಸಿನ ಯುಸಿಎಲ್‌ಎ ಆಸ್ಪತ್ರೆಯಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಈ ಸ್ಕೋಪಿನ ಮೂಲಕ 7 ಮಂದಿಗೆ ಹರಡಿದ್ದು ಬಯಲಾಯಿತು. ಅವರಲ್ಲಿ ಇಬ್ಬರು ತೀರಿಹೋದರು. ತೊಳೆಯುವ ಗೋಜೇ ಬೇಡವೆಂಬ ದಾರಿ ಅಷ್ಟರಲ್ಲೇ ತೆರೆದಿತ್ತು. ಡೆನ್ಮಾರ್ಕಿನ ಆಂಬು ಕಂಪನಿ 2009ರಲ್ಲೇ ಒಮ್ಮೆ ಬಳಸಿ ಎಸೆಯುವ ಶ್ವಾಸಕೋಶದ ಸ್ಕೋಪ್ ತಂದಿತ್ತು. 2016ರಲ್ಲಿ ಕಿಡ್ನಿ ಕಲ್ಲಿಗೆ ಲಿಥೊವ್ಯೂ ಎಂಬ ಎಸೆಯುವ ಸ್ಕೋಪ್ ಬಂತು. 2019ರ ಡಿಸೆಂಬರಿನಲ್ಲಿ ಪೂರ್ತಿ ಎಸೆಯುವ ಡ್ಯುವೊಡಿನೊಸ್ಕೋಪಿಗೆ ಅಮೆರಿಕದ ಎಫ್‌ಡಿಎ ಮೊದಲ ಬಾರಿ ಒಪ್ಪಿಗೆ ಕೊಟ್ಟಿತು.

ಹಾಗಂತ ಎಲ್ಲೆಡೆ ಎಸೆಯುವುದೇ ಲೇಸೆಂದು ನನಗನಿಸುವುದಿಲ್ಲ. ಕಿಡ್ನಿಗೆ ಹೋಗುವ ಸಪೂರ ಸ್ಕೋಪ್ ಬೇಗ ಮುರಿಯುತ್ತದೆ, ರಿಪೇರಿ ದುಬಾರಿ. ಅಲ್ಲಿ ಲೆಕ್ಕ ಸರಿಹೋಗಬಹುದು. ನಡುರಾತ್ರಿ ಐಸಿಯುನಲ್ಲಿ ಉಸಿರುನಾಳ ನೋಡಬೇಕಾದಾಗಲೂ ಸರಿ. ಆದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆಗೆ ಸಿಗುವುದು ನಿಗದಿತ ಮೊತ್ತ. ಪ್ರತಿ ರೋಗಿಗೂ ಹೊಸ ಸ್ಕೋಪೆಂದರೆ ಅದು ಸಾಲದು. ಆಗ ಎಸೆಯಬೇಕಾದ್ದನ್ನೇ ತೊಳೆದು ಮತ್ತೆ ಬಳಸುವ ಚಾಳಿ ನುಸುಳುತ್ತದೆ. ತೊಳೆಯಲೆಂದು ಮಾಡಿರದ ವಸ್ತುವನ್ನು ತೊಳೆಯುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ.

ಕರಾವಳಿಯ ಸಮಸ್ಯೆ ಇನ್ನೊಂದು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಆಷಾಢದಲ್ಲಿ ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು. ಎಷ್ಟೇ ಚೆನ್ನಾಗಿ ತೊಳೆದರೂ ಸ್ಕೋಪಿನ ಒಳನಾಳದಲ್ಲಿ ಪಸೆ ಉಳಿದರೆ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆಲ್ಕೊಹಾಲ್ ಹಾಯಿಸಿ, ಗಾಳಿ ಊದಿ ಒಣಗಿಸಿ, ನೇತುಹಾಕಿ ಇಡಬೇಕು. ಕೆಲಸದ ಒತ್ತಡದಲ್ಲಿ ಮೊದಲು ಬಿಟ್ಟುಹೋಗುವ ಹಂತ ಈ ಒಣಗಿಸುವಿಕೆಯೇ. ತಾಲ್ಲೂಕು ಮಟ್ಟದಲ್ಲಿ ಎಂಡೋಸ್ಕೋಪಿ ಶುರುಮಾಡುವವರು ಸ್ಕೋಪಿನ ಜತೆಗೇ ಒಣಗಿಸುವ ಕಪಾಟಿಗೂ ಅದನ್ನು ನೋಡಿಕೊಳ್ಳುವ ತರಬೇತಿ ಪಡೆದ ಒಬ್ಬ ಸಿಬ್ಬಂದಿಗೂ ದುಡ್ಡು ತೆಗೆದಿಡಬೇಕು.